ಬಾಲಕಿಯರ ಆಶ್ರಯ ಗೃಹಕ್ಕೆ ಮಹಿಳಾ ಸಮಾಜದ ನಿಧಿ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮಲೆನಾಡಿನ ಒಂದು ಸಣ್ಣ ಪಟ್ಟಣದ ಮಹಿಳಾ ಸಮಾಜ. ಅಕ್ಕಪಕ್ಕದ ಎರಡು ಮಹಿಳಾ ಮಂಡಳಿಗಳು, ಹೆಂಗಸರ ಸೇವಾ ಸಂಘವಾದ ಒಂದು ಇನ್ನರ್ ವೀಲ್ ಕ್ಲಬ್ ನಮ್ಮ ಜೊತೆ ಕೈಜೋಡಿಸಿವೆ. ಎಲ್ಲರೂ ಸೇರಿ, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳನ್ನು ನೋಡಿಕೊಳ್ಳುವ ಒಂದು ಗೃಹಕ್ಕೆ ಹಣ ಕೂಡಿಸುತ್ತೇವೆ. ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋದಾಗ, ಜಾತ್ರೆಯಲ್ಲಿ ಮಳಿಗೆ ಹಾಕಿದಾಗ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಜನ ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಬೇರೆ ಊರಿನ ಸಮಾಜಗಳೂ ಇಂಥ ಕೆಲಸಕ್ಕೆ ಇಳಿಯುತ್ತಿವೆ, ಅವರಿಗೂ ಉಪಯೋಗವಾಗಲಿ.

ಇದು ಎಂಥ ಗೃಹ? ಅಲ್ಲಿ ಯಾರು ಇರುತ್ತಾರೆ?

18 ವರ್ಷದೊಳಗಿನ ಹುಡುಗಿಯರು. ಕೆಲವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ. ಕೆಲವರನ್ನು ಮನೆಗೆಲಸಕ್ಕೆಂದು ದೂರದ ಊರಿಗೆ ಕಳಿಸಿ, ಅಲ್ಲಿ ಹೊಡೆದು ಬಡಿದು ಇಟ್ಟುಕೊಂಡಿದ್ದರು. ಬಾಲ್ಯವಿವಾಹ ನಿಲ್ಲಿಸಿ ಕರೆತಂದವರಿದ್ದಾರೆ. ಮಾರಾಟದ ಜಾಲದಿಂದ ಬಿಡಿಸಿ ತಂದವರೂ ಇದ್ದಾರೆ.

ಇಂಥ ಯಾವುದೇ ಗೃಹ 2015ರ ಬಾಲನ್ಯಾಯ ಕಾಯ್ದೆಯ ಅಡಿ ನೋಂದಣಿ ಆಗಿರಲೇಬೇಕು. ಸರ್ಕಾರವೇ ನಡೆಸುವುದು ಬಾಲಕಿಯರ ಬಾಲಮಂದಿರ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಗೃಹಗಳೂ ಇವೆ, ನಾವು ಹಣ ಕೊಡುವುದು ಅಂಥ ಒಂದು ಗೃಹಕ್ಕೆ. ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಂಡರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದ್ದರಿಂದ ಯಾರೇ ಚಂದಾ ಕೇಳಿಕೊಂಡು ಬಂದರೂ ಮೊದಲು ನೋಂದಣಿ ಪತ್ರ ತೋರಿಸಿ ಅನ್ನಿ. ನಮ್ಮನ್ನೂ ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಗೃಹದ ಹೆಸರು, ವಿಳಾಸ ಯಾಕೆ ಹಾಕುವುದಿಲ್ಲ?

ಹುಡುಗಿಗೆ ಕೇಡು ಮಾಡಿದವನು ತುಂಬಾ ಸಲ ಅವಳ ಮನೆಯವನೇ ಆಗಿರುತ್ತಾನೆ, ಇಲ್ಲವೇ ಮನೆಗೆ ಬೇಕಾದವನು. ಕೇಸು ನಡೆಯುತ್ತಿರುತ್ತದೆ. ಅವಳನ್ನು ಹುಡುಕಿಕೊಂಡು ಬಂದು, ಅತ್ತು ಕರೆದು, ಹೆದರಿಸಿ, ಹೇಳಿಕೆ ಬದಲಿಸು ಅನ್ನುವವರು ಇದ್ದಾರೆ. ವಿಳಾಸ ಸುಮ್ನೆ ಎಲ್ಲಾ ಕಡೆ ಹರಿದಾಡಿದರೆ ಅವರಿಗೆ ನಾವೇ ದಾರಿ ತೋರಿಸಿದ ಹಾಗೆ.

ದೇಣಿಗೆ ಕೊಡುವವರು ಸಮಾಜದ ಕಚೇರಿಗೆ ಬಂದರೆ ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ ಎರಡನ್ನೂ ಮುಂದಿಟ್ಟು ಮಾತಾಡುತ್ತೇವೆ. ಅದು ನಿಮ್ಮ ಹಕ್ಕು.

ಮಕ್ಕಳ ಒಂದು ಫೋಟೊ, ಒಬ್ಬಳ ಕಥೆ ಹಾಕಿದರೆ ಜಾಸ್ತಿ ಹಣ ಬರುತ್ತದೆ. ಯಾಕೆ ಹಾಕುವುದಿಲ್ಲ?

ಈ ಪ್ರಶ್ನೆಯನ್ನು ಒಳ್ಳೆಯ ಮನಸ್ಸಿನವರೇ ಕೇಳುತ್ತಾರೆ. ಹಣ ಬರುತ್ತದೆ ಅನ್ನುವುದೂ ನಿಜ. ಆದರೂ ನಾವು ಹಾಕುವುದಿಲ್ಲ.

ಕಾನೂನಿನ ಮಾತು ಮೊದಲು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಗುರುತು ಸಿಗುವ ಬೇರೆ ವಿವರವೂ ಬಾರದು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮೂ ಮಾಧ್ಯಮಗಳಿಗೆ ಇದನ್ನೇ ಹೇಳುತ್ತದೆ. ಮುಖ ಮಸುಕು ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಜಡೆ, ಕಿವಿಯ ಓಲೆ, ಹಿಂದಿನ ಗೋಡೆ ನೋಡಿಯೇ ಊರಿನವರು ಗುರುತು ಹಿಡಿಯುತ್ತಾರೆ.

ಕಾನೂನು ಇಲ್ಲದಿದ್ದರೂ ನಾವು ಹಾಕುತ್ತಿರಲಿಲ್ಲ. ಆ ಹುಡುಗಿ ತನ್ನ ಮೇಲೆ ಆದದ್ದನ್ನು ಪೊಲೀಸರ ಮುಂದೆ ಹೇಳಿರುತ್ತಾಳೆ, ವೈದ್ಯರ ಮುಂದೆ ಹೇಳಿರುತ್ತಾಳೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ನ್ಯಾಯಾಧೀಶರ ಮುಂದೆ ಹೇಳಿರುತ್ತಾಳೆ. ಇನ್ನು ನಮ್ಮ ಆಹಾರ ಮೇಳಕ್ಕೆ ಜನ ಸೇರಲಿ ಅಂತ ಮತ್ತೊಂದು ಸಲ ಹೇಳಬೇಕೇ? ನಾಳೆ ಅವಳು ಓದಿ, ಕೆಲಸ ಹಿಡಿದು, ತನ್ನ ಪಾಡಿಗೆ ಬದುಕುತ್ತಿರುವಾಗ ಯಾರದ್ದೋ ಮೊಬೈಲಿನಲ್ಲಿ ಆ ಚಿತ್ರ ಇರಬಾರದು. ಹಣ ಬೇಕಾದರೆ ನಮ್ಮ ಕೈಕೆಲಸ ಮಾರೋಣ, ಅವಳ ಕಣ್ಣೀರು ಬೇಡ. ನಮ್ಮ ಸಮಾಜ ಈ ಒಂದು ಮಾತನ್ನು ಬಿಟ್ಟುಕೊಡುವುದಿಲ್ಲ.

ಒಂದು ಸಲ ನಮ್ಮ ಕಡೆಯಿಂದಲೇ ತಪ್ಪಾಗಿತ್ತು. ದೀಪಾವಳಿಗೆ ಬಟ್ಟೆ ಕೊಡಲು ಹೋದಾಗ ಹೊಸ ಸದಸ್ಯೆಯೊಬ್ಬರು ಮಕ್ಕಳ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕಿಬಿಟ್ಟರು. ಕೆಟ್ಟ ಉದ್ದೇಶ ಇರಲಿಲ್ಲ, ಖುಷಿಗೆ ಹಾಕಿದ್ದು. ಅರ್ಧ ಗಂಟೆಯಲ್ಲಿ ತೆಗೆಸಿದೆವು. ಗೃಹದ ಮೇಲ್ವಿಚಾರಕಿಗೆ ನಾವೇ ಫೋನ್ ಮಾಡಿ ತಿಳಿಸಿ ಕ್ಷಮೆ ಕೇಳಿದೆವು. ಆಮೇಲಿಂದ ಒಳಗೆ ಹೋಗುವ ಮೊದಲು ಎಲ್ಲರ ಮೊಬೈಲೂ ಗೇಟಿನ ಹತ್ತಿರದ ಕೋಣೆಯಲ್ಲಿ ಒಂದು ಸ್ಟೀಲ್ ಡಬ್ಬಿಗೆ ಹೋಗುತ್ತದೆ. ಅಧ್ಯಕ್ಷೆಯದ್ದೂ ಸೇರಿ.

ಮಗಳ ಹುಟ್ಟುಹಬ್ಬವನ್ನು ಆ ಮಕ್ಕಳ ಜೊತೆ ಆಚರಿಸಬಹುದಾ? ಕೇಕು, ಊಟ ಎಲ್ಲಾ ನಮ್ಮದೇ.

ದಯವಿಟ್ಟು ಬೇಡ. ಅಪ್ಪ ಅಮ್ಮನ ನಡುವೆ ನಿಂತು ಕೇಕು ಕತ್ತರಿಸುವ ಮಗುವಿನ ಎದುರು, ಮನೆಗೆ ಹೋಗಲಾರದ ಹುಡುಗಿ ಚಪ್ಪಾಳೆ ತಟ್ಟಬೇಕು. ಅವಳಿಗೆ ಹೇಗಾಗಬಹುದು ಅಂತ ಒಂದು ಗಳಿಗೆ ಯೋಚಿಸಿ. ಊಟಕ್ಕೆ ಮುಂಚೆ ದಾನಿಗಳ ಹೆಸರು ಹೇಳಿ ಪ್ರಾರ್ಥನೆ ಹಾಡಿಸುವ ರೂಢಿ ಹಲವು ಕಡೆ ಇದೆ. ಅದೂ ನಮಗೆ ಸರಿ ಕಾಣುವುದಿಲ್ಲ.

ಅದೇ ಹಣದಲ್ಲಿ ಆ ತಿಂಗಳು ಗೃಹದಲ್ಲಿ ಯಾರ ಹುಟ್ಟುಹಬ್ಬ ಇದೆಯೋ ಅವಳಿಗೆ ಆಚರಣೆ ಮಾಡುತ್ತೇವೆ. ಅವಳು ಕೇಳಿದ ತಿಂಡಿ, ಅವಳೇ ಆರಿಸಿದ ಬಣ್ಣದ ಬಟ್ಟೆ. ಹುಟ್ಟಿದ ದಿನ ಗೊತ್ತಿಲ್ಲದವರು ತಮಗೆ ಇಷ್ಟವಾದ ಒಂದು ದಿನ ಆರಿಸಿಕೊಂಡಿದ್ದಾರೆ.

ಹಾಗಾದರೆ ಹಣ ಕೂಡಿಸುವುದು ಹೇಗೆ?

ನಮ್ಮ ದೊಡ್ಡ ಆಸರೆ ಅಪ್ಪೆಮಿಡಿ, ಅಂದರೆ ಘಮಘಮಿಸುವ ಎಳೆ ಮಾವಿನಕಾಯಿಯ ಉಪ್ಪಿನಕಾಯಿ. ಮಲೆನಾಡಿನಲ್ಲಿ ಇದಕ್ಕೆ ಎಷ್ಟು ಬೆಲೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು ಸೇರಿದ ಮಕ್ಕಳೆಲ್ಲ ಊರಿಗೆ ಬಂದು ವಾಪಸ್ ಹೋಗುವಾಗ ಒಂದು ಬಾಟಲಿ ಕೇಳುತ್ತಾರೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಆಗುವುದಿಲ್ಲ, ಒಂದು ಕೊಳೆತರೆ ಭರಣಿಯೇ ಹಾಳು. ತೊಳೆದು, ಒಂದೊಂದನ್ನೇ ಒಣ ಬಟ್ಟೆಯಲ್ಲಿ ಒರೆಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬುತ್ತೇವೆ. ಮಿಡಿ ಉಪ್ಪು ಹೀರಿ ಚಿರುಟಿದ ಮೇಲೆ ಸಾಸಿವೆ, ಒಣಮೆಣಸಿನಕಾಯಿಯ ಖಾರ. ನಮ್ಮಲ್ಲಿ 70 ದಾಟಿದ ಅಜ್ಜಿಯೊಬ್ಬರಿದ್ದಾರೆ. ಮೂಗಿನ ಹತ್ತಿರ ಹಿಡಿದು ಸೊನೆಯ ವಾಸನೆ ನೋಡಿಯೇ ಯಾವ ಮರದ ಮಿಡಿ ಬಾಳಿಕೆ ಬರುತ್ತದೆ ಅಂತ ಹೇಳುತ್ತಾರೆ. ಅವರು ಬೇಡ ಅಂದ ಚೀಲ ವಾಪಸ್ ಹೋಗುತ್ತದೆ. ತಿನ್ನುವ ಪದಾರ್ಥ ಮಾರುವುದಕ್ಕೆ ಬೇಕಾದ ಆಹಾರ ಸುರಕ್ಷತೆ ನೋಂದಣಿ ಮಾಡಿಸಿಕೊಂಡಿದ್ದೇವೆ. ಬೇರೆ ಸಮಾಜದವರು ಇದನ್ನು ಮರೆಯಬೇಡಿ.

ಎರಡನೆಯದು ಸೀರೆ ಮಾರಾಟ. ಬೀರುವಿನಲ್ಲಿ ವರ್ಷಗಟ್ಟಲೆ ಮಡಿಕೆ ಬಿಚ್ಚದ ರೇಷ್ಮೆ ಸೀರೆಗಳು ಎಲ್ಲರ ಮನೆಯಲ್ಲೂ ಇವೆ, ಅಲ್ವಾ? ಒಳ್ಳೆಯ ಸ್ಥಿತಿಯಲ್ಲಿರುವ ಸೀರೆ ತಂದುಕೊಟ್ಟರೆ ಡ್ರೈ ಕ್ಲೀನ್ ಮಾಡಿಸಿ ಮದುವೆ ಸೀಸನ್ನಿಗೆ ಮುಂಚೆ ಮಾರುತ್ತೇವೆ.

ಮೂರನೆಯದು ಸಹಾಯಾರ್ಥ ಪ್ರದರ್ಶನ. ತಾಳಮದ್ದಳೆ, ಯಕ್ಷಗಾನ, ಹವ್ಯಾಸಿ ನಾಟಕ. ನಮ್ಮ ಕಡೆ ಇದು ಹಳೆಯ ಪದ್ಧತಿ. ಕಲಾವಿದರು ಸಂಭಾವನೆ ಕಡಿಮೆ ಮಾಡಿಕೊಂಡು ಬರುತ್ತಾರೆ. ಮೈಕಿನಲ್ಲಿ ಏನು ಹೇಳಬಾರದು ಅಂತ ಅವರಿಗೂ ಮೊದಲೇ ತಿಳಿಸಿರುತ್ತೇವೆ.

ಲಕ್ಕಿ ಡಿಪ್ ಟಿಕೆಟ್ ಮಾರುವುದನ್ನು ಬಿಟ್ಟಿದ್ದೇವೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಒಳ್ಳೆಯ ಕೆಲಸಕ್ಕೆ ಅಂತ ಹೇಳಿ ತಂಟೆಗೆ ಸಿಕ್ಕಿಕೊಳ್ಳುವುದು ಬೇಡ.

ಹಣ ಯಾವುದಕ್ಕೆ ಖರ್ಚಾಗುತ್ತದೆ?

ಜನ ಕೊಡಲು ಇಷ್ಟಪಡುವುದು ಕಣ್ಣಿಗೆ ಕಾಣುವ ವಸ್ತು. ಫ್ಯಾನು, ಬೀರು, ಟಿವಿ. ರೆಕ್ಕೆಯ ಮೇಲೆ ಹೆಸರು ಬರೆಸಿದ ಫ್ಯಾನುಗಳು ಗೃಹದಲ್ಲಿ ಬೇಕಾದಷ್ಟಿವೆ. ಕಡಿಮೆ ಇರುವುದು ಜನ.

ಹುಡುಗಿಯರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಒಬ್ಬಳು ಒಳ್ಳೆಯ ಆಪ್ತಸಮಾಲೋಚಕಿ. ಬಂದು ಹೋಗುವವಳಲ್ಲ, ವರ್ಷಗಟ್ಟಲೆ ಇರುವವಳು. ಮೂರು ತಿಂಗಳು ಬಾಯಿ ಬಿಡದ ಹುಡುಗಿ ನಾಲ್ಕನೆಯ ತಿಂಗಳು ಒಂದು ಮಾತಾಡುತ್ತಾಳೆ. ಅಷ್ಟರಲ್ಲಿ ಸಮಾಲೋಚಕಿ ಸಂಬಳ ಸಾಲದೆ ಬಿಟ್ಟುಹೋದರೆ ಎಲ್ಲಾ ಮೊದಲಿಂದ ಶುರು. ರಾತ್ರಿ ಎಚ್ಚರ ಇರುವ ಗೃಹಮಾತೆಯೂ ಹಾಗೆಯೇ. ಕತ್ತಲೆಯಾದ ಮೇಲೆ ಹೆದರಿ ಎದ್ದು ಕೂರುವ ಮಕ್ಕಳಿರುತ್ತಾರೆ. ಪಕ್ಕದಲ್ಲಿ ಬಂದು ಕೂರಲು ಒಬ್ಬರು ಬೇಕು. ಹೆಣ್ಣುಮಕ್ಕಳ ಗೃಹದಲ್ಲಿ ಮೇಲ್ವಿಚಾರಕರು, ಸಿಬ್ಬಂದಿ ಎಲ್ಲ ಹೆಂಗಸರೇ ಇರಬೇಕು ಅಂತ ನಿಯಮ ಇದೆ. ಅಂಥವರನ್ನು ಹುಡುಕಿ ಉಳಿಸಿಕೊಳ್ಳುವುದಕ್ಕೆ ಸಂಬಳವೇ ದಾರಿ.

ಆದ್ದರಿಂದ ನಾವು ಕೂಡಿಸಿದ ಹಣದಲ್ಲಿ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇವೆ. "ನಮ್ಮ ದುಡ್ಡು ಸಂಬಳಕ್ಕಾ?" ಅಂತ ಮುಖ ಸಣ್ಣ ಮಾಡುವವರಿಗೆ ಕೂರಿಸಿ ವಿವರಿಸುತ್ತೇವೆ.

ಉಳಿದದ್ದು ಸ್ಯಾನಿಟರಿ ಪ್ಯಾಡು, ಒಳಉಡುಪು, ಕನ್ನಡಕ, ಹಲ್ಲಿನ ಚಿಕಿತ್ಸೆ, ಟ್ಯೂಷನ್, ಕೋರ್ಟಿಗೆ ಹೋಗಿಬರುವ ದಿನದ ವಾಹನ. 20 ಹುಡುಗಿಯರಿಗೆ ತಲೆಗೆ 15ರಂತೆ ಹಿಡಿದರೂ ತಿಂಗಳಿಗೆ 300 ಪ್ಯಾಡು ಬೇಕು. ಯಾವ ದಾನಿಯೂ ತಾವಾಗಿ ಇದನ್ನು ಕೊಡುತ್ತೇನೆ ಅಂದಿರಲಿಲ್ಲ. ಕೇಳಿದ ಮೇಲೆ ಒಂದು ಮೆಡಿಕಲ್ ಅಂಗಡಿಯವರು ಕೊಂಡ ಬೆಲೆಗೇ ಕೊಡಲು ಒಪ್ಪಿದರು.

ಇನ್ನೊಂದು ವಸ್ತು ಹೇಳಬೇಕು. ಹೊಸದಾಗಿ ಬರುವ ಪ್ರತಿ ಹುಡುಗಿಗೂ ಒಂದು ಸಣ್ಣ ಟ್ರಂಕು, ಬೀಗ, ಕೀ ಕೊಡುತ್ತೇವೆ. ಇದು ಮೇಲ್ವಿಚಾರಕಿಯ ಸಲಹೆ. ತನ್ನದು ಅನ್ನುವ ಏನೂ ಇಲ್ಲದೆ ಬಂದವರು ಇವರು. ಕೀಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಮಲಗುತ್ತಾರೆ. ಒಬ್ಬಳ ಟ್ರಂಕಿನಲ್ಲಿ ತಿಂಗಳುಗಟ್ಟಲೆ ಒಂದು ಬಾಚಣಿಗೆ ಬಿಟ್ಟರೆ ಏನೂ ಇರಲಿಲ್ಲವಂತೆ. ಆದರೂ ದಿನಾ ಬೀಗ ಹಾಕಿ, ಎಳೆದು ನೋಡುತ್ತಿದ್ದಳಂತೆ.

ಹಳೇ ಬಟ್ಟೆ ಕೊಡಬಹುದಾ?

ಬೇಡ. ಹೊಸದನ್ನೇ, ಅಳತೆ ಕೇಳಿಕೊಂಡು ಕೊಡಿ. ಪುಸ್ತಕ, ಹೊಲಿಗೆ ಯಂತ್ರ, ಸೈಕಲ್ ಹಳೆಯದಾದರೂ ಆಗುತ್ತದೆ, ರಿಪೇರಿ ಮಾಡಿಸಿ ಕೊಟ್ಟರೆ.

ಸರ್ಕಾರ ಇದಕ್ಕೆಲ್ಲ ಹಣ ಕೊಡುವುದಿಲ್ಲವಾ?

ಕೊಡುತ್ತದೆ. ಕೇಂದ್ರ, ರಾಜ್ಯ ಸೇರಿ ನಡೆಸುವ ಮಿಷನ್ ವಾತ್ಸಲ್ಯ ಯೋಜನೆ ಇದೆ. ಅನುದಾನ ಸಿಗುವ ಗೃಹಗಳಿಗೆ ಊಟ, ವಸತಿ, ಸಿಬ್ಬಂದಿಗೆ ಇಂತಿಷ್ಟು ಅಂತ ಬರುತ್ತದೆ. ನೆಂಟರ ಮನೆಯಲ್ಲೋ ತಾಯಿಯ ಜೊತೆಯೋ ಸುರಕ್ಷಿತವಾಗಿ ಇರಬಲ್ಲ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವೂ ಇದೆ. ಆದರೆ ಎಲ್ಲಾ ಸ್ವಯಂಸೇವಾ ಗೃಹಗಳಿಗೂ ಅನುದಾನ ಇರುವುದಿಲ್ಲ. ಇದ್ದರೂ ಕಂತು ತಡವಾದರೆ ಹಾಲಿನವನು ಕಾಯುವುದಿಲ್ಲ. ಆ ಸಂದಿಯನ್ನು ತುಂಬುವುದು ನಮ್ಮ ಕೆಲಸ. ಸರ್ಕಾರ ಮಾಡಬೇಕಾದದ್ದನ್ನು ಮಾಡಲೇಬೇಕು ಅಂತ ಅರ್ಜಿ ಬರೆಯುವುದನ್ನೂ ನಿಲ್ಲಿಸಿಲ್ಲ.

ಲೆಕ್ಕ ಯಾರು ನೋಡುತ್ತಾರೆ?

ಸಮಾಜ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್ ಕಡ್ಡಾಯ. ಈ ನಿಧಿಗೆ ಬೇರೆಯೇ ಬ್ಯಾಂಕ್ ಖಾತೆ ಇದೆ. ಚೆಕ್ಕಿಗೆ ಖಜಾಂಚಿ, ಕಾರ್ಯದರ್ಶಿ ಇಬ್ಬರೂ ಸಹಿ ಹಾಕಬೇಕು. 10 ರೂಪಾಯಿ ಕೊಟ್ಟರೂ ರಸೀದಿ. ಮೇಳದ ದಿನ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ನಾಲ್ಕು ಸಂಘದವರೂ ಎದುರು ಕೂತು ಹಣ ಎಣಿಸಿ, ಬರೆದು, ಸಹಿ ಹಾಕಿಯೇ ಮನೆಗೆ ಹೋಗುತ್ತೇವೆ. ಗೆಳತಿಯರ ನಡುವೆ ದುಡ್ಡಿನ ಅನುಮಾನ ಒಂದು ಸಲ ಹೊಕ್ಕರೆ ಸಮಾಜ ಉಳಿಯುವುದಿಲ್ಲ.

ತೆರಿಗೆ ರಿಯಾಯಿತಿ ಸಿಗುತ್ತದಾ?

ಆದಾಯ ತೆರಿಗೆಯಲ್ಲಿ ದೇಣಿಗೆಗೆ ಸಿಗುವ, 80ಜಿ ಅಂತ ಎಲ್ಲರೂ ಕರೆಯುವ ರಿಯಾಯಿತಿ, ಅದಕ್ಕೆ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ. ನಮ್ಮ ಸಮಾಜಕ್ಕೆ ಅದು ಇಲ್ಲ, ಗೃಹ ನಡೆಸುವ ಸಂಸ್ಥೆಗೆ ಇದೆ. ದೊಡ್ಡ ಮೊತ್ತ ಕೊಡುವವರು ನೇರ ಆ ಸಂಸ್ಥೆಯ ಖಾತೆಗೇ ಹಾಕಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ನಾನು ಅಮೆರಿಕದಲ್ಲಿದ್ದೇನೆ. ನಮ್ಮ ಕನ್ನಡ ಕೂಟದಿಂದ ಹಣ ಕಳಿಸಬಹುದಾ?

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ನೀವು ಇನ್ನೂ ಭಾರತದ ಪೌರರಾಗಿದ್ದು, ನಿಮ್ಮ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಅನ್ನುವುದಿಲ್ಲ. ಆದರೆ ಅಲ್ಲಿಯ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅಲ್ಲಿ ನೋಂದಣಿಯಾದ ಕೂಟದ ಹಣವೂ ಹಾಗೆಯೇ. ಅದನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕವೇ ಬರಬೇಕು. ನಮಗೆ ಆ ನೋಂದಣಿ ಇಲ್ಲ. "ನನ್ನ ತಮ್ಮನ ಖಾತೆಗೆ ಹಾಕಿ ಅವನಿಂದ ಕೊಡಿಸುತ್ತೇನೆ" ಅಂತ ಒಬ್ಬರು ಹೇಳಿದ್ದರು. ಪ್ರೀತಿಯಿಂದಲೇ ಬೇಡ ಅಂದೆವು. ಊರಿಗೆ ಬಂದಾಗ ಸೀರೆ ಕೊಡಿ, ಉಪ್ಪಿನಕಾಯಿ ಕೊಳ್ಳಿ.

ಕಂಪನಿಯವರನ್ನು ಕೇಳಬಹುದಲ್ಲ?

ಕೇಳುತ್ತೇವೆ. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ದಾಟಿದಂಥ ಕಂಪನಿಗಳು 2013ರ ಕಂಪನಿ ಕಾಯ್ದೆಯ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಪಟ್ಟಿಯಲ್ಲಿ ಹೆಂಗಸರ, ಅನಾಥರ ಗೃಹಗಳೂ ಸೇರಿವೆ. ಬಂದವರು ಮೊದಲು ಕೇಳುವುದು ಮಕ್ಕಳ ಜೊತೆ ಫೋಟೊ. ಆಗುವುದಿಲ್ಲ ಅಂದಾಗ ಕೆಲವರು ಹಿಂದೆ ಸರಿದಿದ್ದಾರೆ. ಅರ್ಥ ಮಾಡಿಕೊಂಡು ಸೋಲಾರ್ ವಾಟರ್ ಹೀಟರ್ ಹಾಕಿಸಿಕೊಟ್ಟವರೂ ಇದ್ದಾರೆ. ಬೆಳಗ್ಗೆ ಆರಕ್ಕೆ ಮಲೆನಾಡಿನ ಡಿಸೆಂಬರ್ ತಿಂಗಳ ಚಳಿಯಲ್ಲಿ ಸ್ನಾನ ಮಾಡಿ ಶಾಲೆಗೆ ಹೊರಡುವವರಿಗೆ ಅದರ ಬೆಲೆ ಗೊತ್ತು.

ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ಕಷ್ಟದಲ್ಲಿದ್ದಾಳೆ ಅನಿಸುತ್ತದೆ. ನೇರ ಗೃಹಕ್ಕೆ ಕರೆತರಲಾ?

ಹಾಗೆ ಮಾಡಬೇಡಿ. ಮೊದಲು 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ. ತಕ್ಷಣದ ಅಪಾಯ ಇದ್ದರೆ 112. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಸಮಿತಿ ಅದು. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವುದು ಅವರು.

ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ತಿಳಿಸುವುದು ಕಡ್ಡಾಯ. ಗೊತ್ತಿದ್ದೂ ಸುಮ್ಮನಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಅದೇ ಅಪರಾಧ. "ಮನೆಯ ಮರ್ಯಾದೆ", "ನಾಳೆ ಅವಳ ಮದುವೆ" ಅನ್ನುವ ಮಾತು ನಮ್ಮ ಕಿವಿಗೆ ದಿನಾ ಬೀಳುತ್ತದೆ. ಹುಡುಗಿ ಬಾಯಿ ಬಿಟ್ಟು ಹೇಳಿದರೆ ನಂಬಿ. ಕೆದಕಿ ಕೆದಕಿ ಕೇಳಬೇಡಿ, ಹತ್ತು ಜನಕ್ಕೆ ಹೇಳಬೇಡಿ.

ಮಹಿಳಾ ಸಮಾಜ ಅಂದರೆ ಭಜನೆ, ಅರಿಶಿನ ಕುಂಕುಮ ಅಲ್ವಾ? ಇಂಥ ಕೆಲಸ ನಿಮಗ್ಯಾಕೆ?

ಭಜನೆಯೂ ಇದೆ, ರಂಗೋಲಿ ಸ್ಪರ್ಧೆಯೂ ಇದೆ. ಆದರೆ ನಮ್ಮ ಹಿಂದಿನವರು ಅಷ್ಟಕ್ಕೇ ಸೇರಿದವರಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1913ರಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿ. ಇಬ್ಬರೂ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಮೂಲೆಯಲ್ಲಿ ಕೂರು ಅಂತ ಕಾಲ ಹೇಳುತ್ತಿದ್ದಾಗ ಹೊರಗೆ ಬಂದು ನಾಲ್ಕು ಹೆಂಗಸರನ್ನು ಸೇರಿಸಿದರು. ಅವರ ಸಾಲಿನಲ್ಲಿ ಬಂದವರು ನಾವು. ಹೆಣ್ಣುಮಗುವಿನ ಸಂಕಟ ನಮ್ಮ ಕೆಲಸ ಅಲ್ಲದಿದ್ದರೆ ಇನ್ನು ಯಾರದು?

18 ತುಂಬಿದ ಮೇಲೆ ಆ ಹುಡುಗಿಯರು ಏನಾಗುತ್ತಾರೆ?

ಗೃಹದಿಂದ ಹೊರಡಬೇಕಾಗುತ್ತದೆ. ಆಮೇಲಿನ ಆಸರೆಗೂ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶ ಇದೆ, ಸಾಮಾನ್ಯವಾಗಿ 21 ವರ್ಷದವರೆಗೆ. ನಮ್ಮ ಅನುಭವದಲ್ಲಿ ತುಂಬಾ ಕಷ್ಟದ ಕಾಲ ಇದು. ಬಾಡಿಗೆ ಮನೆ ಕೇಳಿದರೆ ಅಪ್ಪ ಅಮ್ಮ ಎಲ್ಲಿ ಅನ್ನುತ್ತಾರೆ. ನರ್ಸಿಂಗ್ ಸೇರಿದವಳಿಗೆ ಹಾಸ್ಟೆಲ್ ಅರ್ಜಿಯಲ್ಲಿ ಪೋಷಕರ ಸಹಿ ಬೇಕು. ರಜೆ ಬಂದರೆ ಎಲ್ಲರೂ ಊರಿಗೆ ಹೋಗುತ್ತಾರೆ, ಇವಳಿಗೆ ಹೋಗಲು ಮನೆ ಇಲ್ಲ.

ನಿಧಿಯಲ್ಲಿ ಒಂದು ಪಾಲು ಇದಕ್ಕೇ ತೆಗೆದಿಟ್ಟಿದ್ದೇವೆ. ಫೀಸು, ಮೊದಲ ಮೂರು ತಿಂಗಳ ಬಾಡಿಗೆ, ಒಂದು ಕುಕ್ಕರ್, ಎರಡು ತಟ್ಟೆ, ಹೊದಿಕೆ. ಹಣಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಸದಸ್ಯೆಯರ ಮನೆಗಳು. ಹುಡುಗಿಗೆ ಇಷ್ಟ ಇದ್ದರೆ ಹಬ್ಬಕ್ಕೆ ಒಬ್ಬರ ಮನೆಗೆ ಬರುತ್ತಾಳೆ. "ಚಿಕ್ಕಮ್ಮ" ಅಂತ ಕರೆಯುತ್ತಾಳೆ. ಅಕ್ಕಪಕ್ಕದವರು ಕೇಳಿದರೆ ದೂರದ ನೆಂಟರ ಹುಡುಗಿ ಅಂತ ಹೇಳುತ್ತೇವೆ, ಅಷ್ಟೇ.

ನಾನೂ ಸೇರಬೇಕು. ಎಲ್ಲಿಂದ ಶುರು ಮಾಡಲಿ?

ಗೃಹದ ಒಳಗೆ ಹೋಗುವ ಕೆಲಸ ಮೊದಲಿಗೆ ಸಿಗುವುದಿಲ್ಲ. ಟ್ಯೂಷನ್ ಹೇಳುವವರಿಗೂ ಪೊಲೀಸ್ ಪರಿಶೀಲನೆ, ತರಬೇತಿ ಆಗಬೇಕು. ಆರಂಭದಲ್ಲಿ ನಮ್ಮ ಜೊತೆ ಕೂತು ಕೈಕೆಲಸ ಮಾಡಿ. ಮಿಡಿ ಫೆಬ್ರವರಿ ಕೊನೆಗೆ ಬರತೊಡಗುತ್ತದೆ. ಆಗ ಮಧ್ಯಾಹ್ನ ಎರಡಕ್ಕೆ ಸಮಾಜದ ಹಿಂಬದಿಯ ಚಾವಡಿಗೆ ಬನ್ನಿ. ಬರುವಾಗ ಒಗೆದು ಒಣಗಿಸಿದ ಹತ್ತಿ ಬಟ್ಟೆ ನಾಲ್ಕೈದು ತನ್ನಿ, ಎಷ್ಟಿದ್ದರೂ ಸಾಲುವುದಿಲ್ಲ. ತೊಟ್ಟು ಮುರಿಯದ ಹಾಗೆ ಒರೆಸುವುದು ಹೇಗೆ ಅಂತ ಅಜ್ಜಿ ತೋರಿಸಿಕೊಡುತ್ತಾರೆ.